ನೋಯದ ಮಚ್ಚೆಯ ಬೆನ್ನು ಹತ್ತಿ

ಕುಷ್ಠರೋಗದ ಮೊದಲ ಗುರುತು ಸಾಮಾನ್ಯವಾಗಿ ನೋಯುವುದಿಲ್ಲ, ತುರಿಸುವುದೂ ಇಲ್ಲ. ಬೆನ್ನಿನ ಮೇಲೋ ತೋಳಿನ ಮೇಲೋ ತಿಳಿಬಣ್ಣದ ಅಥವಾ ತಾಮ್ರಬಣ್ಣದ ಮಚ್ಚೆ ಏಳುತ್ತದೆ. ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ. ನೋವಿಲ್ಲದ ಮಚ್ಚೆಗಾಗಿ ಒಂದು ದಿನದ ಕೂಲಿ ಬಿಟ್ಟು ದವಾಖಾನೆಗೆ ಹೋಗುವವರು ಕಡಿಮೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂಥ ತಾಲ್ಲೂಕುಗಳಲ್ಲಿ ಆರೋಗ್ಯ ಕಾರ್ಯಕರ್ತರೇ ಮನೆ ಬಾಗಿಲಿಗೆ ಹೋಗಬೇಕಾಗುವುದು ಅದಕ್ಕೇ.

ಸವದತ್ತಿಗೂ ಈ ರೋಗಕ್ಕೂ ಹಳೆಯ ನಂಟು. ಇಲ್ಲಿನ ಗುಡ್ಡದ ದೇವಿ ಯಲ್ಲಮ್ಮನ ಕಥೆಯಲ್ಲಿ ಗಂಡ ಜಮದಗ್ನಿಯ ಶಾಪದಿಂದ ರೇಣುಕೆಗೆ, ಅಂದರೆ ಯಲ್ಲಮ್ಮನಿಗೆ, ಕುಷ್ಠ ತಗಲುತ್ತದೆ. ಮನೆಯಿಂದ ಹೊರಬಿದ್ದ ಆಕೆ ಎಕ್ಕಯ್ಯ, ಜೋಗಯ್ಯ ಎಂಬ ಸಾಧುಗಳ ಮಾತಿನಂತೆ ಜೋಗುಳಬಾವಿಯಲ್ಲಿ ಮಿಂದು ಗುಣವಾಗುತ್ತಾಳೆ. ಗುಡ್ಡಕ್ಕೆ ಹೋಗುವ ಮುನ್ನ ಭಕ್ತರು ಇಂದಿಗೂ ಅಲ್ಲಿ ಸ್ನಾನ ಮಾಡುತ್ತಾರೆ. ಕಾಯಿಲೆಯವರನ್ನು ಊರು ಹೇಗೆ ಹೊರಗಿಟ್ಟಿತೆಂಬ ನೆನಪು ಈ ಕಥೆಯಲ್ಲಿದೆ. ಆದರೆ ರೋಗವನ್ನು ಶಾಪವೆಂದು ತಿಳಿದವರು ಅದನ್ನು ಮುಚ್ಚಿಟ್ಟು ಕೈಕಾಲು ಕಳೆದುಕೊಂಡಿದ್ದಾರೆ. ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಗುರುತಿಸಿದ್ದರು. ಚಿಕಿತ್ಸೆ ಪಡೆಯದ ರೋಗಿಯೊಂದಿಗೆ ತಿಂಗಳುಗಟ್ಟಲೆ ಒಡನಾಡಿದರೆ ಉಸಿರಿನ ಹನಿಗಳಿಂದ ಅದು ಹರಡುತ್ತದೆ. ಲಕ್ಷಣ ಕಾಣಲು ವರ್ಷಗಳೇ ಬೇಕು.

ಭಾರತದಲ್ಲಿ ನಿಯಂತ್ರಣ ಕಾರ್ಯಕ್ರಮ 1955ರಲ್ಲಿ, ನಿರ್ಮೂಲನಾ ಕಾರ್ಯಕ್ರಮ 1983ರಲ್ಲಿ ಆರಂಭವಾದವು. 2005ರ ಡಿಸೆಂಬರ್ ಹೊತ್ತಿಗೆ ದೇಶದಲ್ಲಿ ರೋಗದ ಪ್ರಮಾಣ 10,000 ಜನರಿಗೆ ಒಂದಕ್ಕಿಂತ ಕೆಳಗಿಳಿಯಿತು. ಇದು ದೊಡ್ಡ ಸಾಧನೆಯೇ. ಆದರೆ ರೋಗವೇ ಹೋಯಿತೆಂಬ ಭಾವನೆ ಹುಟ್ಟಿದ್ದು ದುಬಾರಿಯಾಯಿತು. ಈಗಲೂ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ಪ್ರಕರಣಗಳು ಪತ್ತೆಯಾಗುತ್ತವೆ. 2016ರಿಂದ ಪತ್ತೆ ಅಭಿಯಾನ, 2017ರಿಂದ ಗಾಂಧೀಜಿ ಹುತಾತ್ಮರಾದ ಜನವರಿ 30ರಂದು ‘ಸ್ಪರ್ಶ್’ ಜಾಗೃತಿ ಆಂದೋಲನ ನಡೆಯುತ್ತಿರುವುದು ಈ ಕಾರಣಕ್ಕೆ.

ಪತ್ತೆ ಅಭಿಯಾನದಲ್ಲಿ ಹೆಂಗಸರನ್ನು ಆಶಾ ಕಾರ್ಯಕರ್ತೆ, ಗಂಡಸರನ್ನು ಪುರುಷ ಸ್ವಯಂಸೇವಕ ನೋಡುತ್ತಾರೆ. ಸಂಶಯದ ಮಚ್ಚೆ ಕಂಡರೆ ಮುಂದಿನ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದಲೋ ಪೆನ್ನಿನ ತುದಿಯಿಂದಲೋ ಮೆಲ್ಲಗೆ ಮುಟ್ಟುತ್ತಾರೆ. ಮುಟ್ಟಿದ ಜಾಗವನ್ನು ಬೆರಳಿಟ್ಟು ತೋರಿಸಬೇಕು. ಮಚ್ಚೆಯ ಮೇಲೆ ಮುಟ್ಟಿದಾಗ ಬೆರಳು ಏಳದಿದ್ದರೆ ಚಿಕಿತ್ಸೆ ಶುರು. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೊಫಾಜಿಮಿನ್ ಗುಳಿಗೆಗಳು ಉಚಿತ. ರೋಗದ ಬಗೆ ನೋಡಿ ಆರು ಅಥವಾ ಹನ್ನೆರಡು ತಿಂಗಳು ನುಂಗಬೇಕು. ಶುರು ಮಾಡಿದ ಕೆಲವೇ ದಿನಗಳಲ್ಲಿ ರೋಗ ಹರಡುವುದು ಬಹುತೇಕ ನಿಲ್ಲುತ್ತದೆ. ಕ್ಲೊಫಾಜಿಮಿನ್‌ನಿಂದ ಮೈಬಣ್ಣ ಕಪ್ಪಾಗುತ್ತದೆ. ಊರಿಗೆ ಗೊತ್ತಾದೀತೆಂದು ಹೆದರಿ ಗುಳಿಗೆ ಬಿಡುವವರಿದ್ದಾರೆ. ಔಷಧ ಮುಗಿದ ಮೇಲೆ ಆ ಬಣ್ಣ ನಿಧಾನವಾಗಿ ತಿಳಿಯಾಗುತ್ತದೆಂದು ಮೊದಲೇ ಹೇಳಬೇಕು.

ರೋಗದಿಂದ ಸತ್ತ ನರ ಮಾತ್ರ ಗುಳಿಗೆಯಿಂದ ಮರಳುವುದಿಲ್ಲ. ಕಬ್ಬು ಕಡಿಯುವವರ ಮರಗಟ್ಟಿದ ಪಾದಕ್ಕೆ ಕೂಳೆ ಚುಚ್ಚಿದ್ದು ತಿಳಿಯದೆ ಹುಣ್ಣಾಗುತ್ತದೆ. ದಿನವೂ ಪಾದ ನೋಡಿಕೊಳ್ಳುವುದು, ನೀರಿನಲ್ಲಿ ನೆನೆಸಿ ಎಣ್ಣೆ ಹಚ್ಚುವುದು, ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ ಮೆಟ್ಟುವುದು ಜೀವನಪೂರ್ತಿಯ ಕೆಲಸ.

ಮನೆಯವರಿಗೂ ನೆರೆಯವರಿಗೂ ಮುನ್ನೆಚ್ಚರಿಕೆಯಾಗಿ ಒಂದು ಸಲ ರಿಫಾಂಪಿಸಿನ್ ಕೊಡಲಾಗುತ್ತದೆ. ಅದಕ್ಕೆ ರೋಗಿಯ ಒಪ್ಪಿಗೆ ಬೇಕು. ರೋಗಿಗಳನ್ನು ಹೊರಗಿಡುತ್ತಿದ್ದ 1898ರ ಕುಷ್ಠರೋಗಿಗಳ ಕಾಯ್ದೆ 2016ರಲ್ಲಿ ರದ್ದಾಯಿತು. 2019ರಲ್ಲಿ ವಿಚ್ಛೇದನದ ಕಾರಣಗಳಿಂದಲೂ ಕುಷ್ಠವನ್ನು ತೆಗೆಯಲಾಯಿತು. ಕಾನೂನು ಬದಲಾದರೂ, ಪಕ್ಕದ ಮನೆಯವರಿಗೆ ಗುಳಿಗೆ ಕೊಡಲು ರೋಗಿ ಒಪ್ಪುವುದು ಮಾತ್ರ ಕಾರ್ಯಕರ್ತೆಯ ಮೇಲಿನ ನಂಬಿಕೆಯಿಂದ.