ಹೊಟ್ಟೆಯ ಹುಳಿ ಗಂಟಲಿಗೇರಿದಾಗ

ಎದೆಯುರಿ, ಹುಳಿತೇಗು ಬಂದರೆ ‘ಗ್ಯಾಸ್ಟ್ರಿಕ್’ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ತಿಂಗಳುಗಟ್ಟಲೆ ಬಿಡದ ಒಣಕೆಮ್ಮಿಗೂ ಬೆಳಿಗ್ಗೆ ಒಡೆದ ಸ್ವರಕ್ಕೂ ಹೊಟ್ಟೆಯ ಆಮ್ಲವೇ ಕಾರಣವಿರಬಹುದು. ಇದು ತಿಳಿಯದೆ ಕೆಮ್ಮಿನ ಸಿರಪ್ಪಿಗೆ ಹಣ ಸುರಿಯುವವರುಂಟು.

ಅನ್ನನಾಳ ಜಠರವನ್ನು ಸೇರುವಲ್ಲಿ ಬಿಗಿಯಾದ ಸ್ನಾಯುವಿದೆ. ಆಹಾರ ಕೆಳಗಿಳಿದ ಮೇಲೆ ಅದು ಮುಚ್ಚಿಕೊಳ್ಳುತ್ತದೆ. ಅದು ಸಡಿಲವಾದರೆ ಆಮ್ಲವೂ ಪೆಪ್ಸಿನ್ ಎಂಬ ಕಿಣ್ವವೂ ಮೇಲಕ್ಕೇರುತ್ತವೆ. ಧ್ವನಿಪೆಟ್ಟಿಗೆಯ ಒಳಪದರಕ್ಕೆ ಇದನ್ನು ತಾಳುವ ಶಕ್ತಿ ಕಡಿಮೆ. ಆಮ್ಲ ಗಂಟಲಿನವರೆಗೆ ಬರದಿದ್ದರೂ, ಅನ್ನನಾಳಕ್ಕೂ ಶ್ವಾಸನಾಳಕ್ಕೂ ಒಂದೇ ನರದ ಸಂಬಂಧವಿರುವುದರಿಂದ ಕೆಮ್ಮು ಕೆರಳಬಹುದು.

ಕಾಣುವ ಲಕ್ಷಣಗಳು:

1. ಮಲಗಿದಾಗ ಅಥವಾ ಊಟದ ನಂತರ ಹೆಚ್ಚುವ ಕೆಮ್ಮು.
2. ಸ್ವರ ಒಡೆಯುವುದು, ಪದೇ ಪದೇ ಗಂಟಲು ಕೆರೆಯಬೇಕೆನಿಸುವುದು, ಗಂಟಲಲ್ಲಿ ಉಂಡೆ ಸಿಕ್ಕಿಕೊಂಡಂತಾಗುವುದು.
3. ರಾತ್ರಿ ಉಲ್ಬಣಿಸುವ ಉಬ್ಬಸ. (ಇದಕ್ಕಾಗಿ ಉಬ್ಬಸದ ಔಷಧಿ ನಿಲ್ಲಿಸಬಾರದು.)
4. ಹಲ್ಲಿನ ಒಳಬದಿ ಸವೆದು ಜುಮ್ಮೆನ್ನುವುದು. ಹುಳಿ ಬಾಯಿಗೆ ಬಂದಾಗ ನೀರಿನಿಂದ ಮುಕ್ಕಳಿಸಿ. ಅರ್ಧ ಗಂಟೆಯಾದರೂ ಬಿಟ್ಟು ಹಲ್ಲುಜ್ಜಿ.

ಹಾಗೆಂದು ಗಂಟಲಿನ ಎಲ್ಲ ತೊಂದರೆಗೂ ಆಮ್ಲವನ್ನೇ ದೂರುವುದು ತಪ್ಪು. ಬ್ರಿಟನ್ನಿನಲ್ಲಿ ಬಹುಕಾಲ ಗಂಟಲ ತೊಂದರೆಯಿದ್ದ 346 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆಮ್ಲ ತಗ್ಗಿಸುವ ಮಾತ್ರೆಗೂ ಔಷಧಿಯಿಲ್ಲದ ಹುಸಿ ಮಾತ್ರೆಗೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಅಂಗಡಿಯಿಂದ ಮಾತ್ರೆ ತಂದು ವರ್ಷಗಟ್ಟಲೆ ನುಂಗಬೇಡಿ. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ ಮಾಡಿಸಿ. ಕ್ಷಯ ಇಲ್ಲವೆಂದು ಖಚಿತವಾಗಲಿ. ಮೂರು ವಾರವಾದರೂ ಸ್ವರ ಸರಿಯಾಗದಿದ್ದರೆ ಗಂಟಲ ತಜ್ಞರಿಗೆ ತೋರಿಸಿ. ಹೊಗೆಸೊಪ್ಪು ಜಗಿಯುವವರು, ಬೀಡಿ ಸೇದುವವರು ತಡಮಾಡಲೇಬಾರದು.

ಮನೆಯಲ್ಲಿ ಮಾಡಬಹುದಾದದ್ದು: ರಾತ್ರಿಯೂಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ. ಮಂಚದ ತಲೆಭಾಗದ ಕಾಲುಗಳ ಕೆಳಗೆ 6ರಿಂದ 8 ಅಂಗುಲದ ಮರದ ತುಂಡು ಇಡಿ. ತಲೆದಿಂಬು ಮಾತ್ರ ಏರಿಸಿದರೆ ಹೊಟ್ಟೆ ಮಡಚಿ ಒತ್ತಡ ಹೆಚ್ಚುತ್ತದೆ. ಎಡಮಗ್ಗುಲಲ್ಲಿ ಮಲಗಿ. ಉಂಡ ಕೂಡಲೇ ತೋಟದಲ್ಲಿ ಬಗ್ಗಿ ಅಡಿಕೆ ಹೆಕ್ಕುವುದು, ಕಳೆ ಕೀಳುವುದು ಬೇಡ. ಬೊಜ್ಜು ಇಳಿಸಿ.

ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗಿ. ಎದೆ ಬಿಗಿದು ಬೆವರು ಬಂದರೆ ‘ಗ್ಯಾಸ್’ ಎಂದು ಸೋಡಾ ಕುಡಿದು ಕೂರಬೇಡಿ. ಅದು ಹೃದಯಾಘಾತವಿರಬಹುದು, ತಕ್ಷಣ ಆಸ್ಪತ್ರೆ ಸೇರಿ.