ಕಾಲುವೆಯ ಮರ, ಕಣದ ಹೊಟ್ಟು

ಬೈಬಲ್ಲಿನ ಕೀರ್ತನೆಗಳ ಪುಸ್ತಕವನ್ನು ತೆರೆದೊಡನೆಯೇ ಎರಡು ಚಿತ್ರಗಳು ನಮ್ಮನ್ನು ಎದುರುಗೊಳ್ಳುತ್ತವೆ. ನೀತಿವಂತನು ನೀರಿನ ಬದಿಗೆ ನೆಟ್ಟ ಮರ. ದುಷ್ಟನು ಗಾಳಿಗೆ ಹಾರಿಹೋಗುವ ಹೊಟ್ಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯವರಿಗೆ ಇವುಗಳನ್ನು ಯಾರೂ ಬಿಡಿಸಿ ಹೇಳಬೇಕಾದುದಿಲ್ಲ. ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆಯಲ್ಲಿ ನೀರಿನ ಬದಿಯ ಮರವೆಂದರೇನೆಂಬುದನ್ನು ದನ ಕಾಯುವ ಹುಡುಗನೂ ಬಲ್ಲ. ಗಾಳಿ ನೋಡಿ ಜೋಳ ತೂರುವವರನ್ನು ನೀವು ಕಂಡಿರಬಹುದು. ಈಚೆಗೆ ಒಕ್ಕಣೆಯ ಕೆಲಸ ಯಂತ್ರಕ್ಕೆ ಹೋಗಿದೆ. ಇಲ್ಲವೇ ಡಾಂಬರು ರಸ್ತೆಯ ಮೇಲೆ ತೆನೆ ಹರವಿ ಲಾರಿಗಳಿಂದಲೇ ತುಳಿಸುವುದುಂಟು!

ಇಲ್ಲಿ ರೈತನೊಬ್ಬನು ಆಕ್ಷೇಪಿಸಬಹುದು: "ಹೊಟ್ಟು ಕೆಲಸಕ್ಕೆ ಬಾರದ ವಸ್ತುವೇ? ನಮ್ಮ ಎತ್ತುಗಳನ್ನು ಕೇಳಿರಿ." ಮಾತು ಸರಿಯೇ. ಹೀಬ್ರೂ ಭಾಷೆಯಲ್ಲಿ ಇದಕ್ಕೆ ಎರಡು ಪದಗಳಿವೆ. ದನಗಳಿಗೆಂದು ಕೂಡಿಡುವ ಪುಡಿಹುಲ್ಲು 'ತೆವೆನ್'. ಕೈಗೆ ಸಿಕ್ಕದೆ ಹಾರುವ ಹಗುರ ಸಿಪ್ಪೆ 'ಮೋಟ್ಸ್'. ಕೀರ್ತನೆಯಲ್ಲಿರುವುದು ಎರಡನೆಯದು. ಹಸಿರು ಮರಕ್ಕೆ ಎದುರಾಗಿ ಕವಿ ಒಣಮರವನ್ನು ನಿಲ್ಲಿಸಲಿಲ್ಲವೆಂಬುದನ್ನು ಗಮನಿಸಿರಿ. ಒಣಮರಕ್ಕಾದರೂ ಬೇರುಂಟು, ತೂಕವುಂಟು. ಇನ್ನು ಆ ಹಸಿರು ಮರವೂ ತಾನಾಗಿ ಹುಟ್ಟಿದ್ದಲ್ಲ, ಯಾರೋ ತಂದು ನೆಟ್ಟದ್ದು. ಹಡಗಲಿಯ ಮಲ್ಲಿಗೆಯ ಬಳ್ಳಿಯಂತೆ ಅದರ ಹಸಿರಿಗೂ ನೀರಿನ ಋಣವಿದೆ.

ಈ ಗ್ರಂಥ ಕನ್ನಡಕ್ಕೆ ಬಂದ ಕಥೆಯೂ ದೂರದ್ದಲ್ಲ. ಮೇಲೆ ಹೇಳಿದ ಐದು ಊರುಗಳು ಈಗ, 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿವೆ. ಅಂದು ಅವು ಬಳ್ಳಾರಿ ಸೀಮೆಯವು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಬಳ್ಳಾರಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ತೊಡಗಿದರು. ನಿಘಂಟುಕಾರರಾದ ವಿಲಿಯಂ ರೀವ್ ಅವರೊಡನೆ ಸೇರಿದರು. 1831ರ ಹೊತ್ತಿಗೆ ಇಡೀ ಬೈಬಲ್ಲು ಕನ್ನಡದಲ್ಲಿ ಸಿದ್ಧವಾಗಿತ್ತು.

'ದುಷ್ಟ' ಎಂದೊಡನೆ ನಮಗೆ ಬಯಲಾಟದ ರಾಕ್ಷಸ ನೆನಪಾಗುತ್ತಾನೆ. ಹೀಬ್ರೂವಿನ ಮಾತು ಅಂಥದಲ್ಲ. 'ತ್ಸದ್ದೀಕ್', 'ರಾಶಾ' ಎಂಬ ಜೋಡಿ ಪದಗಳು ನ್ಯಾಯಸ್ಥಾನದಲ್ಲೂ ಬಳಕೆಯಲ್ಲಿದ್ದವು. ವ್ಯಾಜ್ಯದಲ್ಲಿ ನ್ಯಾಯ ಯಾರ ಕಡೆಗಿದೆಯೋ ಅವನು ಮೊದಲನೆಯವನು, ತಪ್ಪು ಯಾರದೋ ಅವನು ಎರಡನೆಯವನು. ನಮ್ಮಲ್ಲಿ ಅರಳಿಕಟ್ಟೆಯ ಮೇಲೆ ಹಿರಿಯರು ಕೂಡುವಂತೆ ಅಲ್ಲಿ ಊರ ಬಾಗಿಲಲ್ಲಿ ಹಿರಿಯರು ಕೂಡುತ್ತಿದ್ದರು. ಆದುದರಿಂದಲೇ ಜ್ಞಾನೋಕ್ತಿಗಳ ಪುಸ್ತಕವು ಈ ಇಬ್ಬರನ್ನು ಅಳೆಯುವುದು ಗುಡಿಯೊಳಗಲ್ಲ, ಹೆಚ್ಚಾಗಿ ಸಂತೆಯಲ್ಲಿ, ಹೊಲದಲ್ಲಿ, ಕೊಟ್ಟಿಗೆಯಲ್ಲಿ. ತಕ್ಕಡಿ ಮೋಸದ್ದೋ ಸರಿಯಾದದ್ದೋ? ಅನಾಥರ ಹೊಲದ ಗಡಿಕಲ್ಲು ರಾತ್ರೋರಾತ್ರಿ ಜರುಗಿತೋ? ನೀತಿವಂತನಾದವನು ತನ್ನ ದನದ ಹಸಿವನ್ನೂ ಬಲ್ಲವನು. ಮೋಶೆಯ ಧರ್ಮಶಾಸ್ತ್ರದಲ್ಲಿ ಚೀಲದೊಳಗೆ ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು ಎಂದು ಹೆಚ್ಚುಕಡಿಮೆಯ ಎರಡು ತೂಕದ ಕಲ್ಲು ಇಟ್ಟುಕೊಳ್ಳಬಾರದೆಂದಿದೆ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದಿದೆ. ಶೇಂಗಾದ ಚೀಲ ಹೊತ್ತು ಪೇಟೆಗೆ ಹೋದವರಿಗೆ ಇದಕ್ಕೆ ಭಾಷ್ಯ ಬೇಕಿಲ್ಲ.

ಆದರೆ ನಿಜವಾದ ತೊಡಕು ಮುಂದೆ ಇದೆ. ಮೋಸದ ತಕ್ಕಡಿಯವನ ಮನೆ ಎರಡಂತಸ್ತಾಗುತ್ತದೆ. ಸರಿಯಾಗಿ ಅಳೆದವನು ಸಾಲದಲ್ಲಿರುತ್ತಾನೆ. ಬೈಬಲ್ಲು ಇದನ್ನು ಮುಚ್ಚಿಡುವುದಿಲ್ಲ. 73ನೆಯ ಕೀರ್ತನೆಯ ಕವಿ ದುಷ್ಟರ ಕೊಬ್ಬಿದ ಮೈಯನ್ನೂ ನಿಶ್ಚಿಂತೆಯನ್ನೂ ಕಂಡು, ತನ್ನ ಕಾಲು ಇನ್ನೇನು ಜಾರುತ್ತಿತ್ತೆಂದು ಹೇಳಿಕೊಳ್ಳುತ್ತಾನೆ. ಯೋಬನ ಕಥೆಯಲ್ಲಂತೂ ಮಕ್ಕಳು, ಮಂದೆ, ಆರೋಗ್ಯ ಎಲ್ಲವೂ ಹೋದವನ ಎದುರು ಕುಳಿತು ಗೆಳೆಯರು, ನೀನು ಪಾಪ ಮಾಡಿರಲೇಬೇಕು ಎಂದು ವಾದಿಸುತ್ತಾರೆ. ಕೊನೆಗೆ ದೇವರು ಕೋಪಿಸಿಕೊಳ್ಳುವುದು ಆ ಗೆಳೆಯರ ಮೇಲೆ!

ಮಳೆ ಹೋದ ವರ್ಷ ಊರಲ್ಲಿ ಪಾಪ ಹೆಚ್ಚಿತೆಂದು ಬೆರಳು ತೋರಿಸುವ ಮಾತು ಎಲ್ಲಿಯೂ ಕೇಳಿಬರುವುದೇ. ಬರಗಾಲವನ್ನು ಶಿಕ್ಷೆಯೆಂದು ಹೇಳುವ ಭಾಗಗಳು ಬೈಬಲ್ಲಿನಲ್ಲಿಯೂ ಉಂಟು. ಯೇಸುವಿನ ಬೆಟ್ಟದ ಮೇಲಣ ಪ್ರಸಂಗ ಮಾತ್ರ ಬೇರೆ ದಾರಿ ಹಿಡಿಯುತ್ತದೆ: ಮಳೆ ನೀತಿವಂತರ ಹೊಲದಲ್ಲಿಯೂ ಅನೀತಿವಂತರ ಹೊಲದಲ್ಲಿಯೂ ಸುರಿಯುತ್ತದೆ, ಹಾಗೆಯೇ ನೀವೂ ವೈರಿಯನ್ನು ಪ್ರೀತಿಸಿರಿ ಎಂಬುದು ಅಲ್ಲಿಯ ತಾತ್ಪರ್ಯ. ಗೋಧಿಯ ಹೊಲದಲ್ಲಿ ಕಳೆ ಬೆಳೆದ ಸಾಮತಿಯಲ್ಲಿಯೂ, ಎಳೆಯದರಲ್ಲಿ ಎರಡೂ ಒಂದೇ ತರಹ, ಬೇರುಗಳು ಹೆಣೆದುಕೊಂಡಿವೆ, ಕೊಯ್ಲಿನ ತನಕ ತಾಳಿರೆಂದು ಯಜಮಾನನು ಆಳುಗಳನ್ನು ತಡೆಯುತ್ತಾನೆ. ಕಳೆ ಕೀಳುವ ಅವಸರ ಇದ್ದುದು ಆಳುಗಳಿಗೆ.

ಬೇರ್ಪಡಿಸುವುದೇ ಇಲ್ಲವೆಂದಲ್ಲ. ನಮ್ಮ ಕುರಿಗಾರರ ಮಂದೆಯಲ್ಲಿ ಕುರಿಯ ಜೊತೆಗೆ ಒಂದಿಷ್ಟು ಆಡುಗಳೂ ಇರುವುದನ್ನು ನೀವು ನೋಡಿರುವಿರಿ. ಪ್ಯಾಲೆಸ್ತೀನಿನಲ್ಲಿಯೂ ಅವು ಕೂಡಿಯೇ ಮೇಯುತ್ತಿದ್ದವು. ಮತ್ತಾಯನ ಸುವಾರ್ತೆಯಲ್ಲಿ, ಕುರುಬನು ಕುರಿ ಒಂದು ಕಡೆಗೆ, ಆಡು ಒಂದು ಕಡೆಗೆ ಮಾಡುವಂತೆ ಕಡೆಯ ತೀರ್ಪಾಗುತ್ತದೆ. ಅಲ್ಲಿ ಕೇಳುವುದಿಷ್ಟೇ: ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರದೇಶಿಗೆ ಜಾಗ, ಬತ್ತಲೆಯವನಿಗೆ ಬಟ್ಟೆ ಕೊಟ್ಟೆಯಾ? ಕಾಯಿಲೆಯವನನ್ನು, ಸೆರೆಯಲ್ಲಿದ್ದವನನ್ನು ಹೋಗಿ ನೋಡಿದೆಯಾ? ತೀರ್ಪು ಕೇಳಿ ಬಲಗಡೆಯವರೂ ಎಡಗಡೆಯವರೂ ಒಂದೇ ಸಮನೆ ಬೆರಗಾಗುತ್ತಾರೆ. ತಾವು ಯಾವ ಗುಂಪಿನವರೆಂಬುದು ಅಲ್ಲಿಯವರೆಗೆ ಇಬ್ಬರಿಗೂ ತಿಳಿದಿರಲಿಲ್ಲ.