ರಾಹು–ಕೇತು ಕಥೆ ಮತ್ತು ಗ್ರಹಣದ ಲೆಕ್ಕ

1980ರ ಫೆಬ್ರವರಿ 16, ಇಳಿಹೊತ್ತು. ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಸೂರ್ಯ ಪೂರ್ತಿ ಮುಚ್ಚಿಹೋದ. ಲಿಂಗಸುಗೂರು, ಮಸ್ಕಿಯಲ್ಲೂ ಹಗಲೇ ಕತ್ತಲು! ಆ ಎರಡು ಚಿಲ್ಲರೆ ನಿಮಿಷಕ್ಕಾಗಿ ವಿಜ್ಞಾನಿಗಳು ಜವಳಗೇರಾದಲ್ಲಿ ಶಿಬಿರ ಹೂಡಿ ಕಾದಿದ್ದರು.

ಹಿರಿಯರು ಹೇಳುತ್ತಿದ್ದ ಕಾರಣ ಬೇರೆ: ರಾಹು ನುಂಗಿದ. ಇದು ಬರೀ ಕಟ್ಟುಕಥೆಯೇ?

ಕಥೆ ಹೀಗಿದೆ: ಕದ್ದು ಅಮೃತ ಕುಡಿದ ಅಸುರನನ್ನು ಸೂರ್ಯ, ಚಂದ್ರರು ತೋರಿಸಿಕೊಟ್ಟರು. ವಿಷ್ಣುವಿನ ಚಕ್ರ ಅವನನ್ನು ಎರಡಾಗಿ ಸೀಳಿತು. ರುಂಡ ರಾಹು, ಮುಂಡ ಕೇತು. ತೋರಿಸಿಕೊಟ್ಟ ಸಿಟ್ಟಿಗೇ ರಾಹು ಅವರನ್ನು ನುಂಗುವುದು.

ಈಗ ಆಕಾಶ ನೋಡಿ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆ. ಎರಡೂ ಕೂಡುವುದು ಎರಡೇ ಕಡೆ, ಒಂದಕ್ಕೊಂದು ನೇರ ಎದುರು. ಪಂಚಾಂಗದಲ್ಲಿ ಆ ಬಿಂದುಗಳೇ ರಾಹು, ಕೇತು. ಅಮಾವಾಸ್ಯೆ ಇಲ್ಲವೇ ಹುಣ್ಣಿಮೆ ಅವುಗಳ ಹತ್ತಿರ ಬಿದ್ದರೆ ಮಾತ್ರ ಗ್ರಹಣ. ಆ ಬಿಂದುಗಳು ಹಿಮ್ಮುಖವಾಗಿ ಸರಿಯುತ್ತ 18.6 ವರ್ಷಕ್ಕೊಂದು ಸುತ್ತು ಮುಗಿಸುತ್ತವೆ.

ಹಾಗಂತ ಪ್ರತಿ ಪುರಾಣವೂ ಖಗೋಳದ ದಾಖಲೆಯಲ್ಲ. ಇಲ್ಲಿ ಕಥೆ ಮೊದಲು ಬಂತು, ಲೆಕ್ಕ ಆಮೇಲೆ ಅದರ ಹೆಸರು ಹೊತ್ತಿತು. ಸ್ವರ್ಭಾನು ಎಂಬ ಅಸುರ ಕತ್ತಲಲ್ಲಿ ಮುಚ್ಚಿಟ್ಟ ಸೂರ್ಯನನ್ನು ಅತ್ರಿ ಋಷಿ ಮತ್ತೆ ಕಂಡ ಪ್ರಸಂಗ ಋಗ್ವೇದದಲ್ಲೇ ಇದೆ. ಕ್ರಿ.ಶ. 499ರ ಹೊತ್ತಿಗೆ ಆರ್ಯಭಟ ಬಿಡಿಸಿ ಹೇಳಿದ: ಸೂರ್ಯನನ್ನು ಮರೆಮಾಡುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು.

ಅಶೋಕ ತನ್ನ ಮಾತು ಉಳಿಯಲೆಂದು ಅದೇ ಮಸ್ಕಿಯ ಬಂಡೆಯ ಮೇಲೆ ಬರೆಸಿದ. ಆದರೆ ಅಕ್ಷರ ಇಲ್ಲದ ಕಾಲದವರು ಬಾನಲ್ಲಿ ಕಂಡ ಬೆರಗನ್ನು ಕಥೆಯಲ್ಲಿ ಉಳಿಸಿದರು. ಮುಂದಿನ ಗ್ರಹಣದ ದಿನ ಮಕ್ಕಳಿಗೆ ಆ ಕಥೆಯನ್ನೂ ಹೇಳಿ, ನೆರಳಿನ ಲೆಕ್ಕವನ್ನೂ ಕಲಿಸಿ.